ಅಂಟು ಗಂಟು

ಶನಿವಾರ ಬೆಳಗಿನ ಮೈಸೂರು ರೈಲು
ನನ್ನನ್ನು ಹಾಸನದಲ್ಲಿ ಇಳಿಸಿದಾಗ
ಕೈಚೀಲದಲ್ಲಿ ಆರು ದಬ್ಬಳ, ಮೇಣದ ಉಂಡೆ,
ಎಮ್ಮೆಕೊಂಬಿನ ಪಟ್ಟಿ, ಎರಡು ಲಡಿ ನೂಲು.
ಹೊಟ್ಟೆಯಲ್ಲಿ ಹೊಳೆನರಸೀಪುರದ ಅರ್ಧ ಲೋಟ ಚಹಾ.

ಸಂತೇಪೇಟೆಯ ಹಳೇ ಸೊಸೈಟಿ ಮಾಳಿಗೆ.
ಕೆಳಗೆ ಆಲೂಗಡ್ಡೆ ಮಂಡಿ, ಮೇಲೆ ನಾವು ಒಂಬತ್ತು ಜನ:
ಕೋರ್ಟಿನ ದಾಖಲೆ ಕೋಣೆಯ ಮುನವ್ವರ್ ಪಾಷ,
ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಇಂಚರ,
ಚರ್ಚಿನ ಹಾಡಿನ ಪುಸ್ತಕ ಹೊಲಿಯಬೇಕೆಂದು
ಮಡಿಲಲ್ಲಿ ಕಟ್ಟಿ ತಂದ ಫಿಲೋಮಿನಾ ಟೀಚರ್.
ಉಳಿದವರ ಹೆಸರು ಸಂಜೆಯೊಳಗೆ ಕಲಿತೆ,
ಬೆರಳುಗಳನ್ನು ಅದಕ್ಕೂ ಮೊದಲೇ.

ಮಡಿಸಿ, ಎಂದೆ. ಉಗುರಿನಿಂದಲ್ಲ, ಕೊಂಬಿನಿಂದ ತೀಡಿ.
ಕಾಗದಕ್ಕೂ ನಾರು ಇದೆ, ನಾರಿಗೂ ದಿಕ್ಕು;
ಅಡ್ಡಡ್ಡ ಮಡಿಸಿದರೆ ಮುನಿಸಿಕೊಳ್ಳುತ್ತದೆ.
ನಾಲ್ಕು ಹಾಳೆ ಮಡಿಸಿದರೆ ಎಂಟೆಲೆ.
ಒಂದರ ಜೋಡಿ ಎಂಟು, ಮೂರರ ಜೋಡಿ ಆರು,
ಒಂದನ್ನೊಂದು ನೋಡದಿದ್ದರೂ ಒಂದೇ ಹಾಳೆ.

ಆಮೇಲೆ ಅಂಟು.
ಮೈದಾ ಕದಡಿ ಕರೆಂಟಿನ ಒಲೆಗಿಟ್ಟೆ.
ಇಪ್ಪತ್ತು ವರ್ಷದ ಕಸುಬು, ಎಂಟು ಜನರ ಎದುರು
ಬುಳಬುಳ ಗಂಟುಗಟ್ಟಿತು.
ವೋಲ್ಟೇಜು ಸರಿಯಿಲ್ಲ ಅಂದೆ.
ಯಾರೂ ನಂಬಲಿಲ್ಲ.

ಊಟದ ಡಬ್ಬಿ ಹೊತ್ತು ಮೆಟ್ಟಿಲೇರಿ ಬಂದವಳು
ಮೆಸ್ಸಿನ ದ್ಯಾವೀರಮ್ಮ. ಇಣುಕಿದಳು, ‘ಅಯ್ಯೋ ಸಿವ್ನೆ’ ಎಂದಳು,
ಕೆಳಗೋಡಿ ಮುದ್ದೆ ಕೋಲು ತಂದಳು.
ಎರಡು ಪಾದದ ನಡುವೆ ಪಾತ್ರೆ ಒತ್ತಿ ಹಿಡಿದು
ಸೊಂಟದಿಂದ ತಿರುವಿದಳು, ಕೈಯಿಂದಲ್ಲ.
‘ನೀರು ಕುದ್ಯೋದ್ಕೆ ಮುಂಚೆ ಹಿಟ್ಟಿನ್ ಮನಸ್ಸು ತಿಳ್ಕಬೇಕು ಮೇಡಂ.’
ನುಣ್ಣಗಾಯಿತು. ಹೊಳೆಯಿತು.
ಮೈಲುತುತ್ತದ ಪೊಟ್ಟಣ ಬಿಚ್ಚುತ್ತಲೇ
ಕೋಲು ತೊಳೆದು ದೂರ ಎತ್ತಿಟ್ಟಳು:
‘ಇಸ ಹುಳಕ್ಕೆ, ಕೋಲು ಮಕ್ಕಳಿಗೆ.’

ಮುದ್ದೆ, ಹಿದುಕವರೆ ಸಾರು.
ಸಿಪ್ಪೆ ಬಿಟ್ಟ ಕಾಳು ನಾಲಗೆ ಮೇಲೆ ಎರಡು ಹೋಳಾಗಿ
ಪುಟದಂತೆ ತೆರೆದುಕೊಳ್ಳುವಾಗ
ನಾನು ಎರಡನೇ ಮುದ್ದೆಗೆ ತಟ್ಟೆ ಚಾಚಿದ್ದೆ.
ಮಧ್ಯಾಹ್ನದ ಹೊಲಿಗೆ ಎಲ್ಲರದೂ ಓರೆ,
ಅದಕ್ಕೆ ಕಾರಣ ಅವರೆ.

ಒತ್ತುಯಂತ್ರ ಇರಲಿಲ್ಲ. ರಾತ್ರಿ
ಹಲಗೆ ನಡುವೆ ಪುಸ್ತಕವಿಟ್ಟು
ಮಂಡಿಯವರಿಂದ ಎರಡು ಮೂಟೆ ಆಲೂಗಡ್ಡೆ ಕಡ ತಂದೆವು.
ಭಾನುವಾರ ತೆಗೆದರೆ ಬೆನ್ನು ನೇರ,
ರಟ್ಟಿಗೆ ಕೊಂಚ ಮಣ್ಣಿನ ವಾಸನೆ.
ಅಕ್ಕಿರೊಟ್ಟಿ ಜೊತೆ ಹುಚ್ಚೆಳ್ಳು ಚಟ್ನಿ ತಿಂದ ಇಂಚರ
ಮೊದಲ ಹಾಳೆಗೆ ಹೆಬ್ಬೆಟ್ಟೊತ್ತಿ ಅಳುಮುಖ ಮಾಡಿದಳು.
ಬಿಡು, ನನ್ನ ಪುಸ್ತಕಗಳ ಮೇಲೂ ಇವೆ, ಎಂದೆ.
ಸುಳ್ಳು. ಇನ್ನು ಮೇಲೆ ಇರುತ್ತವೆ.

ನಾಲ್ಕು ಗಂಟೆಗೆ ಸೆರಗಿನಡಿಯಿಂದ
ದ್ಯಾವೀರಮ್ಮ ಉದ್ರಿ ಪುಸ್ತಕ ತೆಗೆದಳು.
ಹಬೆಗೆ ಬೆನ್ನು ಬಿರಿದಿತ್ತು.
‘ಹೊಲ್ಕೊಡಿ. ಈ ಲೋಕಪ್ಪನ ಹಾಳೆ ಒಂದು ಕಿತ್ತಾಕಿ.
ಹದ್ನಾಕು ತಿಂಗಳು ಉಂಡ, ಊರು ಬಿಟ್ಟ.’

ಕೀಳಬಹುದು, ಅಂದೆ. ಇದು ಮೂರನೆಯ ಎಲೆ,
ಆರನೆಯದೂ ಕಳಚಿಕೊಳ್ಳುತ್ತದೆ.
ತಿರುವಿ ತೋರಿಸಿದೆ. ಆರನೆಯದರಲ್ಲಿ
ಹೆಸರಿಲ್ಲ, ಮೊತ್ತವಿಲ್ಲ,
ನಡುವೆ ಒಂದೇ ಸಾಲು, ಪೆನ್ಸಿಲ್ಲು:
‘ಇವತ್ತು ಒಲೆ ಹಚ್ಚಲಿಲ್ಲ.’

ಮುನವ್ವರ್ ಪಾಷ ಕತ್ತರಿ ಕೆಳಗಿಟ್ಟರು.
ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು
ಕಿಟಕಿಯಾಚೆ ಯಾವುದೋ ಲಾರಿ ಎಣಿಸಿದಳು.
‘ಇರ್ಲಿ. ಅವನೂ ಇರ್ಲಿ’ ಎಂದಳು.

ಅಂಟಿನಲ್ಲಿ ಗಂಟಿರಬಾರದು,
ಗಂಟಿಲ್ಲದೆ ದಾರ ನಿಲ್ಲದು.
ನಾನು ಹೊಲಿದೆ, ಒಂಬತ್ತನೆಯ ವಿದ್ಯಾರ್ಥಿನಿ
ದಾರಕ್ಕೆ ಮೇಣ ಸವರಿಕೊಟ್ಟಳು.
ಕೊನೆಗೆ ಖಾಲಿ ಹಾಳೆ ಸೇರಿಸಲೇ ಎಂದರೆ
‘ಸೇರ್ಸಿ, ಉಣ್ಣೋರಿಗೇನು ಬರವಾ.’

ರೈಲಿನ ಹೊತ್ತು. ಎರಡು ದಿನದ ಊಟಕ್ಕೆ ದುಡ್ಡು ಚಾಚಿದೆ.
ಮುಟ್ಟಲಿಲ್ಲ. ಇನ್ನೂ ತೇವವಿದ್ದ ಪುಸ್ತಕ ಬಿಡಿಸಿ
ಹೊಸ ಹಾಳೆಯ ನೆತ್ತಿಯಲ್ಲಿ
ಅಕ್ಷರ ಅಕ್ಷರ ಕೂಡಿಸಿ ಬರೆದಳು:
ಬುಕ್ಕಿನ ಮೇಡಂ. ಐದು ಮುದ್ದೆ. ಮೂರು ರೊಟ್ಟಿ.
ಬಾಕಿ.